ಕಿವಿ ಮುಟ್ಟದ ಕೈ

ಗುಮಾಸ್ತರು ಶಾಲೆಯ ದಾಖಲಾತಿ ಪುಸ್ತಕವನ್ನು ಮೂವತ್ತಾರು ವರ್ಷ ಬರೆದರು. ಒಂದು ಅಕ್ಷರಕ್ಕೂ ಕಾಟು ಹೊಡೆದವರಲ್ಲ. ಮನೆಯಲ್ಲೂ ಅಷ್ಟೇ, ಬಾಯಿಂದ ಹೊರಟ ಮಾತನ್ನು ಒಮ್ಮೆಯೂ ತಿದ್ದಿಕೊಂಡಿಲ್ಲ ಎಂಬುದು ಹೆಂಡತಿಯ ದೂರು.

ಹುಟ್ಟಿದ ತಾರೀಖು ಗೊತ್ತಿಲ್ಲದ ಮಕ್ಕಳಿಗೆ ಅವರದು ಒಂದೇ ಪರೀಕ್ಷೆ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿದೆ, ಒಳಗೆ ಬಾ. ಇಲ್ಲವೇ, ಮುಂದಿನ ವರ್ಷ ಬಾ. ಆದರೆ ಹೆತ್ತವರು ಕಣ್ಣು ಒದ್ದೆ ಮಾಡಿಕೊಂಡರೆ ಗುಮಾಸ್ತರ ಕರುಳು ಚುರ್ ಎನ್ನುತ್ತಿತ್ತು. ಮಗುವಿನ ಕತ್ತನ್ನು ಮೆಲ್ಲಗೆ ಬಲಕ್ಕೆ ವಾಲಿಸಿ, ಕಿವಿಯನ್ನೇ ಕೈಯ ಹತ್ತಿರ ತಂದುಬಿಡುತ್ತಿದ್ದರು. ಆಮೇಲೆ ಆ ವರ್ಷ ಶಾಲೆ ತೆರೆದ ದಿನವನ್ನೇ ಆರು ವರ್ಷ ಹಿಂದೆ ಹಾಕಿ ಹುಟ್ಟಿದ ದಿನವೆಂದು ಬರೆಯುವುದು. ಹೀಗಾಗಿ ಅರ್ಧ ಬೀದಿ ಒಂದೇ ತಾರೀಖಿಗೆ ಹುಟ್ಟಿತ್ತು.

ಹಾಗೆ ಒಳಗೆ ಬಂದ ಹುಡುಗನೊಬ್ಬ ಈಗ ಬೀದಿಯಲ್ಲಿ ಪಿಸ್ತೂಲು ಹಾರಿಸಿದ್ದ. ಸಿಟ್ಟು ಯಾರ ಮೇಲೋ. ಗುಂಡು ತಗುಲಿ ಸತ್ತದ್ದು ಬಸ್ಸಿಳಿದು ಮನೆಗೆ ಹೊರಟಿದ್ದ ಕಂಡಕ್ಟರು. ಪುಸ್ತಕದ ಪ್ರಕಾರ ಆ ದಿನ ಹುಡುಗನಿಗೆ ಹದಿನೆಂಟು ದಾಟಿ ಎರಡು ತಿಂಗಳು. ಅಂದರೆ ದೊಡ್ಡವರ ಕೋರ್ಟು, ದೊಡ್ಡವರ ಜೈಲು, ಬಹುಶಃ ಸಾಯುವ ತನಕ. ಹದಿನೆಂಟಕ್ಕೆ ಒಂದೇ ದಿನ ಕಮ್ಮಿಯಿದ್ದರೂ ಮಕ್ಕಳ ಕೋರ್ಟು.

ಸಾಕ್ಷಿ ಹೇಳಬೇಕಾದ ಬೆಳಿಗ್ಗೆ ಗುಮಾಸ್ತರು ಅಂಗಿಯ ಗುಂಡಿಗಳನ್ನು ಒಂದು ತೂತು ಮೇಲೆ ಹಾಕಿಕೊಂಡರು.

"ರೀ, ಬರೆದಿದ್ದೆಲ್ಲ ಸರಿ ಅಂತ ಹೇಳಿ ಬಂದ್ಬಿಡಿ. ನಿಮಗದು ರೂಢಿ ಅಲ್ವಾ?" ಎಂದಳು ಹೆಂಡತಿ.

"ಅವನ ಕತ್ತು ವಾಲಿಸಿದ್ದು ನಾನೇ ಕಣೇ."

"ಈಗ ನಿಮ್ಮ ಕತ್ತು ಕೊಡೋಕೆ ಹೊರಟಿದ್ದೀರಿ. ಮೊದಲು ಗುಂಡಿ ಸರಿ ಮಾಡ್ಕೊಳ್ಳಿ."

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಪುಸ್ತಕ ತೆರೆದು ಹಿಡಿದರು. "ಇದು ನಿಮ್ಮ ಕೈಬರಹವೇ?"

"ನನ್ನದೇ ಸ್ವಾಮಿ. ಅಕ್ಷರ ಚೆನ್ನಾಗಿದೆ, ತಾರೀಖು ಸುಳ್ಳು."

ನ್ಯಾಯಾಧೀಶರ ಪೆನ್ನು ನಿಂತಿತು. "ಹೇಗೆ ಹೇಳ್ತೀರಿ?"

"ಅವನ ಕೈ ಕಿವಿಗೆ ಎರಡು ಬೆರಳು ಕಮ್ಮಿ ಇತ್ತು. 'ಇನ್ನೂ ಐದೂವರೆ, ನಾನು ಕೆಲಸಕ್ಕೆ ಹೋದ್ರೆ ನೋಡ್ಕೊಳ್ಳೋರಿಲ್ಲ' ಅಂತ ಅವನಜ್ಜಿ ಅತ್ತಳು. ನಾನೇ ಮುಟ್ಟಿಸಿದೆ." ಗುಮಾಸ್ತರು ಕಟಕಟೆಯಲ್ಲೇ ಮಾಡಿ ತೋರಿಸಿದರು. ಟೈಪಿಸ್ಟ್ ತನ್ನ ಕಿವಿ ಮುಟ್ಟಿಕೊಂಡು ನೋಡಿದ. ನ್ಯಾಯಾಧೀಶರ ಕೈಯೂ ಅರ್ಧ ಎದ್ದು, ಕನ್ನಡಕ ಸರಿಪಡಿಸಿದಂತೆ ಮಾಡಿ ಇಳಿಯಿತು.

ಆಮೇಲೆ ಕಾಲು ಗಂಟೆ ನ್ಯಾಯಾಧೀಶರ ಬೈಗುಳ. ಮೂಳೆ ಪರೀಕ್ಷೆ ಮಾಡಿದ ಡಾಕ್ಟರು ಹದಿನೇಳೋ ಹದಿನೆಂಟೋ ಎಂದು ಎರಡು ದೋಣಿಯಲ್ಲಿ ಕಾಲಿಟ್ಟಿದ್ದರಿಂದ, ಗುಮಾಸ್ತರ ಮಾತೇ ತೂಕವಾಗಿ ಹುಡುಗನ ಕೇಸು ಮಕ್ಕಳ ಕೋರ್ಟಿಗೆ ಹೋಯಿತು.

ಹೊರಗೆ ಬೆಂಚಿನ ಮೇಲೆ ಕಂಡಕ್ಟರನ ಹೆಂಡತಿ ಕೂತಿದ್ದಳು. ಗುಮಾಸ್ತರು ಚಪ್ಪಲಿಯ ಸದ್ದಾಗದಂತೆ ದಾಟಲು ನೋಡಿದರು.

"ಅವನು ಸಣ್ಣೋನಾದ್ರೆ ನನ್ನ ಗಂಡ ಸ್ವಲ್ಪವೇ ಸತ್ತ ಹಾಗಾ, ಗುಮಾಸ್ತ್ರೇ?"

"ಇಲ್ಲಮ್ಮ." ಗುಮಾಸ್ತರು ನಿಂತು ಅವಳತ್ತ ತಿರುಗಿದರು. "ಅವನು ಮಾಡಿದ್ದಕ್ಕೆ ಅವನು ಅನುಭವಿಸ್ಲಿ. ನಾನು ಮಾಡಿದ್ದಕ್ಕೂ ಅವನೇ ಅನುಭವಿಸೋದು ಬೇಡ ಅಂತ."

ಅವಳು ಮುಖ ಒರೆಸಿಕೊಂಡಳು. "ನನ್ನ ಮಗಳೂ ಅವನ ಜೊತೆ ಅವತ್ತೇ ಶಾಲೆಗೆ ಸೇರಿದ್ದು. ಅವಳ ಕೈ?"

ಮುಟ್ಟಿತ್ತು ಎನ್ನಲು ಗುಮಾಸ್ತರು ಬಾಯಿ ತೆರೆದರು. ಬಂದದ್ದು ಬೇರೆ. "ಒಂದು ಬೆರಳು ಕಮ್ಮಿ."

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಅಪ್ಪನ ಕೆಲಸಕ್ಕೆ ಅರ್ಜಿ ಹಾಕಿದಾಳೆ. ಹದಿನೆಂಟು ತುಂಬಿರ್ಬೇಕಂತೆ. ನೀವಿನ್ನು ಯಾವ ಆಫೀಸಿಗೂ ಹೋಗಿ ನಿಜ ಹೇಳ್ಬೇಡಿ, ಮನೇಲಿರಿ."