ಕಾಕು ಉಡಿ ತುಂಬಿಸಿಕೊಂಡ ದಿನ

ಹೋದ ವಾರ ಸೊಲ್ಲಾಪುರದ ನವಿ ಪೇಠಕ್ಕೆ ದಿಂಬಿನ ಚೀಲ ಕೊಳ್ಳಲು ಹೋಗಿದ್ದೆ. ಅಂಗಡಿಯ ತುಂಬ ಕುಪ್ಪಸದ ಖಣಗಳ ಕಟ್ಟು. ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. "ಇಲೆಕ್ಷನ್ ಬಂತಲ್ರಿ, ಹಳದಿ-ಕುಂಕುಕ್ಕ ಹೊಂಟಾವು," ಎಂದ ಅಂಗಡಿಯವನು. ನನಗೆ ದಿಂಬು ಮರೆತೇ ಹೋಯಿತು. ಕಾಕು ನೆನಪಾದಳು...

ಅಕ್ಕಲಕೋಟದಲ್ಲಿ ಅವಳು ನಮ್ಮ ಎದುರು ಮನೆಯವಳು, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಹೊಲ ಕುರನೂರಿನಲ್ಲಿ. ಗಂಡ ಸತ್ತು ಇಪ್ಪತ್ತು ವರ್ಷವಾಗಿದ್ದರೂ ಬಿತ್ತನೆಯಿಂದ ರಾಶಿಯವರೆಗೆ ಅವಳದೇ ದರಬಾರು. ಗುರುವಾರ ಉಪವಾಸ, ದಿನಾ ಬೆಳಗ್ಗೆ ಗುಡಿ. ದೇವರ ವಿಷಯದಲ್ಲಿ ಅವಳಿಗೆ ಬುದ್ಧಿ ಹೇಳುವ ಎದೆಗಾರಿಕೆ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ನನ್ನ ಗಂಡ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಿಂದ ಮೋಟಾರ್‌ಸೈಕಲ್ ಮೇಲೆ ಬರುವಾಗ ತೀರಿಕೊಂಡು ಆಗ ಎಂಟು ತಿಂಗಳು. ನನಗೆ ಇಪ್ಪತ್ತೊಂಬತ್ತು. ಯಾರಾದರೂ ಶುಭಕಾರ್ಯಕ್ಕೆ ಹೊರಟರೆ ಒಳಗೆ ಸರಿದು ನಿಲ್ಲುವುದನ್ನು ಕಲಿತಿದ್ದೆ. ಅತ್ತೆ ಬಾಯಿಬಿಟ್ಟು ಹೇಳಿದವಳಲ್ಲ. ಹೇಳುವ ಪ್ರಸಂಗವೇ ಬಾರದಂತೆ ನಾನೇ ನಡೆದುಕೊಂಡೆ. ಈಗ ಸಿಟ್ಟು ಬರುವುದು ಅದಕ್ಕೇ.

ಆ ಸಲದ ಇಲೆಕ್ಷನ್ನಿಗೆ ಒಬ್ಬ ಉಮೇದುವಾರ ಮದುವೆ ನಡೆಯುವ ಮಂಗಲ ಕಾರ್ಯಾಲಯದಲ್ಲಿ ಹಳದಿ-ಕುಂಕುಮ ಇಟ್ಟುಕೊಂಡ, ಮುತ್ತೈದೆಯರಿಗೆ ಕುಂಕುಮ ಹಚ್ಚಿ ಉಡಿ ತುಂಬುವ ಸಮಾರಂಭ. ಅವನ ಕಡೆಯವರು ಮತದಾರರ ಯಾದಿ ಹಿಡಿದು ಮನೆಮನೆಗೆ ಬಂದರು. ಧರ್ಮ ಉಳಿಯಬೇಕಾದರೆ ತಾಯಂದಿರ ಆಶೀರ್ವಾದ ಬೇಕಂತೆ. ಅತ್ತೆಗೆ ಆಮಂತ್ರಣದ ಕಾರ್ಡು ಕೊಟ್ಟು, ನನ್ನ ಹೆಸರು ಓದಿ, ಇನ್ನೊಂದು ಕಾರ್ಡು ತೆಗೆದ ಹೆಂಗಸು ನನ್ನ ಬರಿ ಹಣೆ ನೋಡಿದಳು. ಕಾರ್ಡು ಮತ್ತೆ ಚೀಲ ಸೇರಿತು. "ನಿಮಗ ಮತದಾನದ ದಿನಾ ಗಾಡಿ ಕಳಸ್ತೀವ್ರಿ, ವೈನಿ," ಎಂದಳು.

ಕಾಕು ಎದುರು ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು. ಅವಳಿಗೂ ಕಾರ್ಡು ಸಿಗಲಿಲ್ಲ. ಮರುದಿನ ಮಧ್ಯಾಹ್ನ ನೇರ ನಮ್ಮ ಅಡಿಗೆಮನೆಗೆ ಬಂದಳು. "ಚಲೋ ಸೀರಿ ಉಟಗೋ, ಹೋಗೂಣು."

"ಮಂದಿ ಏನಂದಾರು, ಅಕ್ಕಾ?" ಎಂದಳು ಅತ್ತೆ.

"ಮಂದಿಗೆ ಈಗ ಮತಾ ಬೇಕಾಗ್ಯಾವ. ಏನೂ ಅನ್ನೂದಿಲ್ಲ."

ಕಾರ್ಡಿದ್ದ ಅತ್ತೆ ಮನೆಯಲ್ಲೇ ಉಳಿದಳು. ಕಾರ್ಡಿಲ್ಲದ ನಾವಿಬ್ಬರು ಹೋದೆವು.

ಜಮಖಾನದ ಮೇಲೆ ಸಾಲುಸಾಲು ಹೆಂಗಸರು. ಉಮೇದುವಾರ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಭಾಷಣ ಮಾಡಿದ. ನಮಗೆ ಪ್ರತಿಯೊಬ್ಬ ತಾಯಿಯೂ ದೇವಿಯೇ ಎಂದ. ಚಪ್ಪಾಳೆಯಾಯಿತು. ಆಮೇಲೆ ಅವನ ಹೆಂಡತಿ ಕುಂಕುಮ ಹಚ್ಚಿ, ಖಣ, ತೆಂಗಿನಕಾಯಿ, ಅಕ್ಕಿಯಿಂದ ಉಡಿ ತುಂಬುತ್ತ ಬಂದಳು. ನಮ್ಮ ಪಕ್ಕದವಳದು ಮುಗಿಸಿ, ನಮ್ಮಿಬ್ಬರನ್ನು ದಾಟಿ ಹೆಜ್ಜೆ ಇಟ್ಟಳು. ನನಗೆ ಎದ್ದು ಓಡಬೇಕೆನಿಸಿತು. ಕಾಕು ನನ್ನ ಮೊಣಕಾಲು ಗಟ್ಟಿಯಾಗಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸೆರಗು ಮುಂದೆ ಹಿಡಿದಳು.

"ಅವ್ವಾ, ಹಿಂದ ಬರ್ರಿ. ನಿಮ್ಮ ಮಾಲಕರು ಈಗಷ್ಟ ಎಲ್ಲಾರೂ ದೇವಿ ಅಂದ್ರು. ದೇವಿಗೆ ಗಂಡ ಅದಾನೋ ಇಲ್ಲೋ ಅಂತ ಕೇಳಿ ಉಡಿ ತುಂಬತೀರೇನು? ಮಶಿನ್ನಿನ್ಯಾಗ ಮುತ್ತೈದಿ ಮತಾ ಬ್ಯಾರೆ, ನಂದು ಬ್ಯಾರೆ ಬೀಳತೈತೇನು?"

ಯಾರೋ ಮೊಬೈಲ್ ಎತ್ತಿ ಹಿಡಿದರು. ವೇದಿಕೆಯ ಮೇಲಿದ್ದ ಅವಳ ಗಂಡ ಮೊಬೈಲ್ ನೋಡಿ, ತುಂಬು ತುಂಬು ಎಂದು ಕೈಸನ್ನೆ ಮಾಡಿದ. ಆ ಹೆಂಗಸು ಮರಳಿ ಬಂದು ಕಾಕುವಿನ ಹಣೆಗೆ ಕುಂಕುಮ ಇಟ್ಟಳು, ಉಡಿ ತುಂಬಿದಳು. ಆಮೇಲೆ ನನ್ನ ಮುಂದೆ ಕೂತಳು. ಗಂಡನ ಕಡೆ ಒಮ್ಮೆ ನೋಡಿ ನನ್ನ ಹಣೆಗೂ ಕುಂಕುಮ ಹಚ್ಚಿದಳು. ಪಾಪ, ಅವಳದೇನು ತಪ್ಪು... ಅವಳೂ ಹೇಳಿಸಿಕೊಂಡು ಮಾಡುವವಳೇ.

ಬಾಗಿಲಲ್ಲಿ ಕಾರ್ಯಕರ್ತೆ, "ಈಗರ ಮತಾ ನಮಗ ಹೌದಲ್ರಿ?" ಎಂದಳು. ಕಾಕು ಉಡಿ ಸಡಿಲವಾಗದಂತೆ ಸೆರಗು ಸಿಕ್ಕಿಸಿಕೊಂಡು, "ಉಡಿ ನೀವು ತುಂಬೀರಿ. ಮತಾ ಹಾಕಾಕಿ ನಾ," ಎಂದಳು. ಯಾರಿಗೆ ಹಾಕಿದಳೋ ಕೊನೆಯವರೆಗೂ ಹೇಳಲಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಓಣಿಯ ತಿರುವು ಬಂದಾಗ ನಾನು ಒಂದು ಹೆಜ್ಜೆ ಹಿಂದುಳಿದು ಸೆರಗಿನಿಂದ ಹಣೆ ಒರೆಸಿಕೊಂಡೆ. ಅತ್ತೆಯ ಮುಖ ನೆನೆದು ಕೈ ತಾನೇ ಹೋಯಿತು. ಕಾಕು ನೋಡಿದಳು. ಅವಳು ಆ ಕುಂಕುಮದಲ್ಲೇ ಓಣಿಯ ಈ ತುದಿಯಿಂದ ಆ ತುದಿಯವರೆಗೆ ನಡೆದಳು, ಸಂಜೆ ಗುಡಿಗೂ ಹೋದಳು. ಆ ವರ್ಷ ಓಣಿಯ ಒಂದು ಮದುವೆಗೂ ಅವಳನ್ನು ಕರೆಯಲಿಲ್ಲ. "ಊಟ ಉಳೀತು ಅವರಿಗೆ," ಎಂದು ನಕ್ಕಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ...

ಮುಂದೆ ನನಗೆ ಸೊಲ್ಲಾಪುರದಲ್ಲಿ ನೌಕರಿ ಸಿಕ್ಕಿತು. ಇಲ್ಲಿ ಒಂದು ಬೆಳಗ್ಗೆ, ಯಾರನ್ನೂ ಕೇಳದೆ, ಕುಂಕುಮ ಇಟ್ಟುಕೊಂಡು ಆಫೀಸಿಗೆ ಹೋದೆ. ಅಕ್ಕಲಕೋಟಕ್ಕೆ ಹೋಗಿ ಕಾಕುವಿಗೆ ಹಣೆ ತೋರಿಸಬೇಕು, ಅವತ್ತು ಒರೆಸಿಕೊಂಡದ್ದು ತಪ್ಪಾಯಿತು ಎನ್ನಬೇಕು ಅಂದುಕೊಂಡೆ. ಮುಂದಿನ ರವಿವಾರ, ಮುಂದಿನ ರವಿವಾರ ಎನ್ನುತ್ತಲೇ ಇದ್ದೆ. ಅವಳು ಹೋದ ಸುದ್ದಿ ನನಗೆ ಮುಟ್ಟಿದ್ದು ಮೂರು ದಿನದ ಮೇಲೆ.

ನಿನ್ನೆ ನಮ್ಮ ಬಿಲ್ಡಿಂಗಿಗೂ ಕಾರ್ಡು ಬಂದವು. ನನ್ನ ಹಣೆ ನೋಡಿ ನನಗೆ ಕೊಟ್ಟರು. ಮೇಲಿನ ಮನೆಯ ಹುಡುಗಿಗೆ ಕೊಡಲಿಲ್ಲ, ಅವಳ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಕಾರ್ಡು ತಂದವಳು ದನಿ ತಗ್ಗಿಸಿ, "ಅವರು ನಡ್ಯಂಗಿಲ್ಲಲ್ರಿ," ಎಂದಳು.

"ಹಂಗಾದ್ರ ನಾನೂ ನಡ್ಯಂಗಿಲ್ಲ. ಇಬ್ರೂ ಬರ್ತೀವಿ, ಎರಡು ಕೊಡ್ರಿ," ಎಂದೆ.

ಆ ಹುಡುಗಿ ಹೆದರಿದ್ದಾಳೆ. ಹೆದರಲಿ, ನಾನೂ ಹೆದರಿದ್ದೆ. ಆಗ ನನ್ನ ಮೊಣಕಾಲು ಒತ್ತಿ ಹಿಡಿಯಲು ಕಾಕು ಇದ್ದಳು. ಈಗ ಅವಳಿಲ್ಲ. ನಾಳೆ ಮೂರು ಗಂಟೆಗೆ, ಹಳದಿ-ಕುಂಕುಮದ ಸಾಲಿನಲ್ಲಿ, ಅವಳ ಜಾಗದಲ್ಲಿ ಕೂರುವವಳು ನಾನು.