ಎತ್ತಿಗೆ ಒಂದು ಬಕೆಟ್ ಅನ್ನ

ಆ ಎತ್ತಿನ ಹೊಟ್ಟೆ ಉಬ್ಬಿದ್ದು ಹೊನ್ನೂರಮ್ಮನಿಂದಲ್ಲ, ನನ್ನಿಂದ. ಬಕೆಟ್ ಅನ್ನ ಸುರಿದವಳು ನಾನು. ಆಕೆ ಬಕೆಟ್ ತೊಳೆದಳು, ಅಷ್ಟೇ. ಎರಡು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ.

ಎಮ್ಮಿಗನೂರಿನ ನಮ್ಮ ಮಹಿಳಾ ಸಂಘದವರು ಒಂದು ದಿನದ ಸೇವೆ ಎಂದು ಟೆಂಪೋ ಮಾಡಿಕೊಂಡು ಸಂಡೂರು ದಾರಿಯ ಒಂದು ತೋಟಕ್ಕೆ ಹೋಗಿದ್ದೆವು. ಕಾಲು ಮುರಿದ ನಾಯಿ, ಕಣ್ಣಿಲ್ಲದ ಕತ್ತೆ, ಯಾರಿಗೂ ಬೇಡವಾದ ದನ — ಎಲ್ಲವನ್ನೂ ತಂದು ಸಾಕುವ ಜಾಗ. ನಡೆಸುವವಳು ಸುಮಾ ಎಂಬ ಹುಡುಗಿ. ಸೆಗಣಿ ಬಾಚಿದೆವು, ತೊಟ್ಟಿ ತೊಳೆದೆವು. ಕತ್ತೆಯ ಮೈ ತಿಕ್ಕುವಾಗ ಅದು ಒಬ್ಬಳ ಸೆರಗು ಅಗಿಯಿತು. ನಕ್ಕು ನಕ್ಕು ಸಾಕಾಯಿತು.

ಹೋದ ಕೂಡಲೇ ಸುಮಾ ಹೇಳಿದ್ದಳು: "ಅವ್ವಾರೆ, ನಾವ್ ಕೊಟ್ಟಿದ್ ಬಿಟ್ಟು ಬ್ಯಾರೆ ಏನೂ ತಿನ್ಸಬ್ಯಾಡ್ರಿ."

ಕೇಳಿಸಿತ್ತು. ಚೆನ್ನಾಗಿಯೇ ಕೇಳಿಸಿತ್ತು. ಆದರೆ ಊಟವಾದ ಮೇಲೆ ನಮ್ಮ ಅನ್ನ ಅರ್ಧ ಉಳಿಯಿತು. ಭತ್ತ ಬೆಳೆಯುವ ಊರಿನವರು ನಾವು — ಅನ್ನ ಚೆಲ್ಲುವವರಲ್ಲ, ಉಳಿದದ್ದನ್ನು ಅಕ್ಕಿ ತೊಳೆದ ನೀರಿಗೆ ಕಲಸಿ ದನದ ಮುಂದಿಡುತ್ತೇವೆ. ಅಲ್ಲೊಂದು ಮುದಿ ಎತ್ತು, ಬರೀ ಎಲುಬು. ನಿನ್ನೆ ಮೊನ್ನೆ ಹುಟ್ಟಿದ ಈ ಹುಡುಗಿ ನನಗೇನು ದನ ಸಾಕುವುದನ್ನು ಕಲಿಸುತ್ತಾಳೆ ಎಂದುಕೊಂಡೆ. ಮನೆಯಲ್ಲಿ ಹಾಕುವುದು ಒಂದು ಹಿಡಿ. ಅಂದು ಹಾಕಿದ್ದು ಒಂದು ಬಕೆಟ್. ಎತ್ತು ಮೂತಿ ಎತ್ತದೆ ತಿಂದಿತು, ನನಗೆ ಭಾರೀ ಪುಣ್ಯ ಬಂದ ಹಾಗಾಯಿತು. ಖಾಲಿ ಬಕೆಟ್ ನಲ್ಲಿಯ ಹತ್ತಿರ ಇಟ್ಟು ಬಂದೆ.

ಸಂಜೆಯ ಹೊತ್ತಿಗೆ ಎತ್ತಿನ ಹೊಟ್ಟೆ ಡೊಳ್ಳಿನ ಹಾಗೆ ಉಬ್ಬಿ, ಅದು ಕೆಡೆದುಬಿತ್ತು. ಹೊಸಪೇಟೆಯಿಂದ ದನದ ಡಾಕ್ಟರು ಬಂದು ಬಾಯಿಗೆ ಕೊಳವೆ ಹಾಕಿದರು, ಅನ್ನದ ಅಗಳು ಹೊರಬಂದವು. ಎತ್ತು ಬದುಕಿತು.

"ಯಾರ್ರಿ ಅನ್ನ ಹಾಕಿದೋರು?" ಎಂದಳು ಸುಮಾ.

ನಮ್ಮ ಸಂಘದ ಹೊನ್ನೂರಮ್ಮ ಆಗಷ್ಟೇ ಆ ಬಕೆಟ್ ತೊಳೆದು ನಿಂತಿದ್ದಳು. ಎಲ್ಲರ ಕಣ್ಣೂ ಅತ್ತ ಹೋಯಿತು. ಆಕೆ ಬಾಯಿ ತೆರೆಯುವ ಮೊದಲೇ ನಾನು —

"ಈಕಿ ಕೈ ಸುಮ್ನಿರಂಗಿಲ್ರಿ, ಯಾವಾಗ್ಲೂ ಹಿಂಗ."

ಅಷ್ಟೇ ಮಾತು. "ನಾ ಅಲ್ರಿ" ಎಂದು ಆಕೆ ಒಮ್ಮೆ ಅಂದಳು, ಯಾರೂ ಕೇಳಲಿಲ್ಲ. ಊರಿಗೆ ಬರುವಷ್ಟರಲ್ಲಿ ಆಕೆ ಬಕೆಟ್ ಹೊನ್ನೂರಮ್ಮ ಆಗಿದ್ದಳು. ನಾನೂ ಹಾಗೇ ಕರೆದೆ — ಎರಡು ವರ್ಷ, ಬಾಯ್ತುಂಬ.

ಮೊನ್ನೆ ಸಂಘದಲ್ಲಿ ಮತ್ತೆ ಅದೇ ತೋಟಕ್ಕೆ ಹೋಗಲು ಹೆಸರು ಬರೆಯುತ್ತಿದ್ದರು.

"ನನ್ ಹೆಸರು ಬ್ಯಾಡ್ರಿ," ಎಂದಳು ಹೊನ್ನೂರಮ್ಮ. "ನನ್ ಮಾರಿ ಕಂಡ್ರ ಎತ್ತುಗಳು ಹಗ್ಗ ಹರ್ಕಂಡ್ ಓಡ್ತಾವ."

ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಆಮೇಲೆ ಬಾಗಿಲ ಹಿಂದಿನಿಂದ ಒಂದು ಹೊರೆ ಹಸಿ ಕಬ್ಬಿನ ಸೋಗೆ ತಂದಿಟ್ಟಳು. "ಆ ಮುದುಕಗ ಒಯ್ರಿ. ಆ ಹುಡಿಗೀನ ಕೇಳಿ ಹಾಕ್ರಿ ಮತ್ತ."

ಕೇಳಿ ಹಾಕ್ರಿ — ಅಂತ ಆಕೆ ಹೇಳಬೇಕೇ? ನಾನು ಎದ್ದು ನಿಂತೆ. "ಅನ್ನ ಹಾಕಿದಾಕಿ ನಾನು," ಎಂದೆ.

ಹೊನ್ನೂರಮ್ಮ ಎಲೆ ಅಡಿಕೆ ಅಗಿಯುತ್ತಲೇ ಅಂದಳು: "ಗೊತ್ತೈತಿ ಬಿಡಕ್ಕ. ಅವತ್ತು ನಿನ್ ಸೆರಗಿಗೆ ಅನ್ನದ ಅಗಳು ಅಂಟಿತ್ತು. ನೀ ಯಾವಾಗ ಬಾಯಿ ಬಿಡ್ತಿ ಅಂತ ನೋಡ್ತಿದ್ದೆ. ಭಾಳ ಜಲ್ದಿ ಬಿಟ್ಟಿ ನೋಡು!"

ಹೆಂಗಸರು ಹೋ ಎಂದು ನಕ್ಕು ಅಲ್ಲೇ ನನಗೆ ಬಕೆಟ್ ಈರಮ್ಮ ಎಂದು ಹೆಸರಿಟ್ಟರು. ಇರಲಿ, ಅದು ನನ್ನದೇ. ಆದರೆ ಸುಮಾಳ ಲೆಕ್ಕದಲ್ಲಿ ತಪ್ಪು ಇನ್ನೂ ಹೊನ್ನೂರಮ್ಮನದಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಟೆಂಪೋ ಗಿಂಪೋ ಕಾಯಲಿಲ್ಲ. ಹೊನ್ನೂರಮ್ಮನನ್ನು ಎಬ್ಬಿಸಿಕೊಂಡು, ಸೋಗೆಯ ಹೊರೆ ನಾನೇ ಹೊತ್ತು, ಎರಡು ಬಸ್ಸು ಬದಲಿಸಿ ಹೋದೆ. ಸುಮಾಳ ಮುಂದೆ ನಿಂತು ಹೇಳಿದೆ. ಅವಳು ಸೋಗೆಯನ್ನು ಹೊನ್ನೂರಮ್ಮನ ಕೈಗೆ ಕೊಟ್ಟಳು, ನನ್ನ ಕೈಗೆ ಸೆಗಣಿ ಪುಟ್ಟಿ.

ಮಧ್ಯಾಹ್ನದವರೆಗೆ ಹೊತ್ತೆ.