ಸೇವಂತಿಗೆಗೆ ಹಾಕಿದ ಬಲ್ಬು

ಈಗಷ್ಟೇ ಸೇವಂತಿಗೆ ತಾಕಿನ ಸ್ವಿಚ್ಚು ಆರಿಸಿ ಬಂದೆ. ಬೆರಳಿಗೆ ಇನ್ನೂ ಎಲೆಯ ಘಾಟು ಅಂಟಿಕೊಂಡಿದೆ. ಸೋಪು ಹಾಕಿ ತಿಕ್ಕಿದರೂ ಹೋಗದ ಈ ವಾಸನೆಗೆ ನನ್ನ ಹೆಂಡತಿ ಮಂಜುಳ 'ನಿಮ್ಮ ಸೆಂಟು' ಅನ್ನುತ್ತಾಳೆ. ಹೂವಿನ ಗಿಡಕ್ಕೆ ಸ್ವಿಚ್ಚು ಯಾಕಪ್ಪಾ ಎಂದು ನೀವು ಕೇಳಬಹುದು. ಕೇಳಿ, ಸಂಕೋಚ ಬೇಡ. ಈ ಪ್ರಶ್ನೆಗೆ ಉತ್ತರ ಹೇಳುವುದೆಂದರೆ ನನಗೆ ಬಲು ಖುಷಿ. ಒಮ್ಮೆ ಹಾಗೆ ಖುಷಿಯಾಗಿ ಹೇಳಲು ಹೋಗಿಯೇ ಸಿಕ್ಕಿಬಿದ್ದೆ.

ಕೆಲವು ವರ್ಷಗಳ ಹಿಂದೆ, ಹಿರೀಸಾವೆ ಕಡೆಯ ನಮ್ಮ ಹೊಲದಲ್ಲಿ ಮೊದಲ ಸಲ ಸಾಲುಸಾಲಾಗಿ ಬಲ್ಬು ಕಟ್ಟಿದಾಗ ದಾರಿಹೋಕರು ಬೈಕು ನಿಲ್ಲಿಸಿ ನೋಡುತ್ತಿದ್ದರು. ನೋಡಿದವರಲ್ಲಿ ಒಬ್ಬನಾದರೂ ಕಳ್ಳ ಇರಬೇಕಲ್ಲ? ಅದಕ್ಕೆ ತಾಕಿನ ನಡುವೆಯೇ ಮಂಚ ಹಾಕಿ ಕಾವಲು ಮಲಗಿದೆ. ಒಂದು ತಾಕಿನ ಬೆಳಕು ಆರಿಸುವ ಹೊತ್ತಿಗೆ ಪಕ್ಕದ ತಾಕಿನ ಎಳೆಗಿಡಕ್ಕೆ ಬೆಳಕು ಬೇಕಾಗುತ್ತಿತ್ತು. ನಾನೂ ಮಂಚ ಹೊತ್ತುಕೊಂಡು ಬೆಳಕಿನ ಹಿಂದೆಯೇ ಹೋಗುತ್ತಿದ್ದೆ. ಹಗಲು ಒಳಕೋಣೆಯಲ್ಲಿ ಕಂಬಳಿ ಮುಸುಕೆಳೆದು ಬಿದ್ದುಕೊಳ್ಳುತ್ತಿದ್ದೆ. ನಿದ್ದೆ ಮಾತ್ರ ಎರಡೂ ಕಡೆ ಹತ್ತಿರ ಸುಳಿಯಲಿಲ್ಲ.

ನಿದ್ದೆಗೆಟ್ಟ ಮನುಷ್ಯನ ಜೊತೆ ಸಂಸಾರ ಮಾಡುವ ಕಷ್ಟ ಮಂಜುಳಳನ್ನು ಕೇಳಬೇಕು. ಸಾರಿಗೆ ಉಪ್ಪು ಕಡಿಮೆಯಾದರೆ ಜಗಳ, ಸರಿಯಾಗಿದ್ದರೆ ಜಗಳಕ್ಕೆ ಕಾರಣ ಸಿಗಲಿಲ್ಲವೆಂದು ಜಗಳ. ಪಾಪ, ಯಾರದೋ ಕಣ್ಣು ಬಿದ್ದಿದೆ ಎಂದು ಒಣಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಅದರ ಘಾಟಿಗೂ ನಾನು ರೇಗಿದೆ.

ಆಮೇಲೆ ಒಂದು ಬೆಳಿಗ್ಗೆ ಹಾಸನದಲ್ಲಿ ಹೂ ಇಳಿಸಿ ಬರುವಾಗ, ಶಾಂತಿಗ್ರಾಮದ ಹತ್ತಿರ ಕಣ್ಣು ಮುಚ್ಚಿಹೋಯಿತು. ಬಿಟ್ಟಾಗ ನನ್ನ ಗೂಡ್ಸ್ ಗಾಡಿ ರಾಗಿ ಹೊಲದ ಮಧ್ಯೆ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ, ನಮ್ಮ ಪುಣ್ಯ. ಹೊಲದವನು ಬಂದು ನನ್ನ ಬಾಯಿಗೆ ಮೂಗು ಹಿಡಿದು ನೋಡಿ, "ಕುಡ್ದೂ ಇಲ್ಲ, ಏನ್ಲಾ ಆಗೈತೆ ನಿಂಗೆ?" ಅಂದ.

ಮಂಜುಳ ಬೈಯಲಿಲ್ಲ. ಗಾಡಿಯ ಕೀಲಿ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ನಿಮ್ ನಿದ್ದೆ ನೆಟ್ಗಾಗೋ ಗಂಟ ಇದು ನಿಮ್ ಕೈಗಿಲ್ಲ ಕಣ್ರೀ. ನಂಗೆ ಗಂಡ ಬೇಕು," ಅಂದಳು. ನನ್ನ ಹೂವು ಬೇರೆಯವರ ಗಾಡಿಯಲ್ಲಿ ಹೋಗತೊಡಗಿತು. ಹದಿನೆಂಟರ ವಯಸ್ಸಿನಿಂದ ಸ್ಟೇರಿಂಗ್ ಹಿಡಿದವನು ನಾನು. ಆ ಗಾಡಿ ಧೂಳೆಬ್ಬಿಸಿ ಹೋಗುವುದನ್ನು ನೋಡುತ್ತ ನಿಂತಾಗ ಅಳು ಬಂದಿತ್ತು.

ಮಂಜುಳ ನನ್ನನ್ನು ಕರೆದುಕೊಂಡು ಹೋದ ಚನ್ನರಾಯಪಟ್ಟಣದ ಡಾಕ್ಟರಮ್ಮ ಮಾತ್ರೆ ಬರೆಯುವ ಮೊದಲು ಎಲ್ಲಿ ಮಲಗುತ್ತೀರಿ ಎಂದು ಕೇಳಿದರು. ಬಲ್ಬಿನ ಕೆಳಗೆ ಅಂದೆ. ಬಲ್ಬು ಯಾಕೆ ಅಂದರು. ನನಗೆ ಹುಮ್ಮಸ್ಸು ಬಂತು.

"ಏಳ್ತೀನಿ ಕೇಳಿ ಮೇಡಮ್. ಸೇವಂತ್ಗೆ ಕತ್ತಲು ನೋಡ್ಕಂಡು ಕಾಲ ತಿಳ್ಕೊಳ್ಳೋ ಗಿಡ. ರಾತ್ರಿ ಉದ್ದ ಆಯ್ತು ಅಂದ್ರೆ ಮೊಗ್ಗು ಬುಟ್ಬುಡ್ತದೆ. ಗೇಣುದ್ದ ಇರೋವಾಗ್ಲೇ ಮೊಗ್ಗು ಬಂದ್ರೆ ಗಿಡ ಬೆಳೆಯಾಕಿಲ್ಲ. ಅದ್ಕೇ ಲೈಟಾಕಿ, ಇನ್ನೂ ಅಗಲು ಕಣಮ್ಮ ಅಂತ ಅದನ್ನ ಏಮಾರಿಸ್ತೀವಿ."

"ಸರಿ. ಪಕ್ಕದಲ್ಲೇ ಮಲಗಿರೋರು ಏಮಾರಲ್ವ?"

ಮಂಜುಳ ನಕ್ಕ ನಗುವಿಗೆ ಹೊರಗೆ ಕೂತಿದ್ದ ರೋಗಿಗಳು ಬಗ್ಗಿ ನೋಡಿದರು. ಗಿಡದ ವಿಷಯದಲ್ಲಿ ಪಂಡಿತ, ನನ್ನ ವಿಷಯದಲ್ಲಿ ಶುದ್ಧ ಪೆದ್ದ! ನಮ್ಮ ಮೈಯೊಳಗೂ ಒಂದು ಗಡಿಯಾರವಿದೆ, ಬೆಳಗಿನ ಬಿಸಿಲು ಅದನ್ನು ಸರಿಮಾಡುತ್ತದೆ, ರಾತ್ರಿಯ ಬೆಳಕು ಕೆಡಿಸುತ್ತದೆ ಎಂದರು ಡಾಕ್ಟರಮ್ಮ. ಕತ್ತಲಲ್ಲಿ ಮಲಗಿ, ಬೆಳಿಗ್ಗೆ ಎದ್ದು ಬಯಲಿಗೆ ಬನ್ನಿ ಎಂದು ಕಳಿಸಿದರು.

ಬಲ್ಬು ಕಾಯುವ ಕೆಲಸ ನಾಯಿಗೆ ಬಂತು. ಅದಕ್ಕೂ ನಿದ್ದೆ ಕೆಟ್ಟಿರಬೇಕು, ಹೇಳಲಿಲ್ಲ. ನಾನು ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು, ಕೆರೆ ಏರಿಯ ಮೇಲೆ ಬಿಸಿಲಿಗೆ ಮುಖವೊಡ್ಡಿ ಡೈರಿಗೆ ನಡೆಯತೊಡಗಿದೆ. ಮೊದಮೊದಲು ರಾತ್ರಿಯೆಲ್ಲ ಕತ್ತಲನ್ನೇ ದಿಟ್ಟಿಸುತ್ತ ಮಲಗಿರುತ್ತಿದ್ದೆ. ಕೊನೆಗೊಂದು ದಿನ ಮುದ್ದೆ ಮುರಿಯುವಾಗ ಆಕಳಿಕೆ ಬಂತು. ಮಂಜುಳ ಊಟ ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿದಳು.

"ಇನ್ನೊಂದ್ಸಲ ಆಕಳ್ಸಿ," ಅಂದಳು.

ನಿದ್ದೆ ಬಂತು. ನಿದ್ದೆಯ ಹಿಂದೆ ಹಸಿವು ಬಂತು, ನಗು ಬಂತು. ಕೀಲಿ ಮಾತ್ರ ಬರಲಿಲ್ಲ. ಮುಂದಿನ ಸುಗ್ಗಿಯ ಮೊದಲ ಹೂ ಕೊಯ್ದ ದಿನ ಅವಳೇ ಗಂಟು ಬಿಚ್ಚಿ, "ನಾನೂ ಬತ್ತೀನಿ," ಎಂದು ಪಕ್ಕದಲ್ಲಿ ಕೂತಳು. ಹಾಸನದವರೆಗೂ ಅವಳ ದೃಷ್ಟಿ ರಸ್ತೆಯ ಮೇಲಿರಲಿಲ್ಲ, ನನ್ನ ರೆಪ್ಪೆಯ ಮೇಲಿತ್ತು. ಹೂ ಇಳಿಸಿ ಹೊರಟೆವು. ಶಾಂತಿಗ್ರಾಮ ಬಂತು, ಆ ರಾಗಿ ಹೊಲವೂ ಬಂತು. ನೋಡು ಎಂದು ತೋರಿಸಲು ತಿರುಗಿದರೆ ಮಂಜುಳ ಕಿಟಕಿಗೆ ತಲೆ ಒರಗಿಸಿ ಗೊರಕೆ ಹೊಡೆಯುತ್ತಿದ್ದಳು. ನನ್ನನ್ನು ನಂಬಿ! ಉಬ್ಬು ಬಂದಲ್ಲೆಲ್ಲ ನಿಧಾನ ಮಾಡಿ, ಕುಲುಕದಂತೆ ಮನೆಯವರೆಗೆ ತಂದೆ.

"ಬಂದ್ಬುಟ್ವಾ? ನೀವು ಮಲಗ್ನಿಲ್ವ?" ಎಂದು ಗಾಬರಿಯಿಂದ ಎದ್ದಳು.

"ಇಬ್ರೂ ಮಲಗಿದ್ರೆ ಮನೆ ಸೇರ್ತಿದ್ವೇನಮ್ಮೀ?"

ಸೆರಗು ಸರಿಮಾಡಿಕೊಂಡು ಇಳಿದು ಒಳಗೆ ಹೋದಳು. ಕೀಲಿ ಗಾಡಿಯಲ್ಲೇ ತೂಗುತ್ತಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಒಬ್ಬನೇ ಕೂತು ಮನಸಾರೆ ನಕ್ಕೆ.

ಈಗ ಹೊರಗೆ ತಾಕೆಲ್ಲ ಕತ್ತಲು. ಇನ್ನು ಗಿಡಗಳು ಮೊಗ್ಗಿಡುತ್ತವೆ. ಒಳಗೆ ಮಾತ್ರ ಕಂಬಳಿಯ ಸಂದಿಯಿಂದ ನೀಲಿ ಬೆಳಕು ಇಣುಕುತ್ತಿದೆ, ಮಂಜುಳ ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತಿದ್ದಾಳೆ. ಎಷ್ಟು ದಿನದಿಂದ ಕಾದಿದ್ದೆ ಇದಕ್ಕೆ! ಕೈ ಚಾಚಿದೆ.

"ಕೊಡಿಲ್ಲಿ. ನಂಗೆ ಹೆಂಡ್ತಿ ಬೇಕು."

ಅವಳು ನಗುತ್ತ ಕೊಟ್ಟಳು. ಪಂಚೆಯ ತುದಿಗೆ ಭದ್ರವಾಗಿ ಗಂಟು ಹಾಕಿಕೊಂಡು, ದೀಪ ಆರಿಸಿದೆ.